ಪಕ್ಕದ ಟೇಬಲಿನಲ್ಲಿ ಸಪ್ಲೈಯರ್‌ಗೆ ಬೈಯುತ್ತಿದ್ದರೆ ನೀವೇನು ಮಾಡಬಹುದು?

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಬೇರೆ ಬೇರೆ, ಹೋಟೆಲು ಬೇರೆ ಬೇರೆ, ವಿಷಯ ಒಂದೇ. "ಪಕ್ಕದ ಟೇಬಲಿನವರು ಸಪ್ಲೈಯರ್‌ಗೆ ಬಾಯಿಗೆ ಬಂದ ಹಾಗೆ ಬೈದರು. ಆ ಹುಡುಗ ಒಬ್ಬನೇ ಎಂಟು ಟೇಬಲ್ ನೋಡುತ್ತಿದ್ದ. ನಾನು ತಲೆ ತಗ್ಗಿಸಿ ತಿಂದು ಎದ್ದು ಬಂದೆ. ಮನೆಗೆ ಬಂದ ಮೇಲೂ ಸಮಾಧಾನ ಇಲ್ಲ. ನಾನು ಏನು ಮಾಡಬೇಕಿತ್ತು?"

ನಮ್ಮ ಮಂಗಳೂರು, ಉಡುಪಿ ಕಡೆ ಹೋಟೆಲಿಗೆ ಹೋಗದ ದಿನವೇ ಕಡಿಮೆ, ಅಲ್ವಾ? ಹಂಪನಕಟ್ಟೆಗೆ ಹೋದರೆ ಬನ್ಸ್, ಉಡುಪಿ ರಥಬೀದಿಗೆ ಹೋದರೆ ಗೋಳಿಬಜೆ, ಮಲ್ಪೆಗೆ ಹೋದರೆ ಮೀನೂಟ. ಹಾಗಾಗಿ ಇವತ್ತಲ್ಲ ನಾಳೆ ಇಂಥದ್ದೊಂದು ನಿಮ್ಮ ಕಣ್ಣೆದುರೇ ಆಗುತ್ತದೆ. ಆಗ ಕೈಕಾಲೇ ಆಡಲಿಲ್ಲ ಎಂದಾಗಬಾರದು. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲೇ ತಿಳಿದಿರಬೇಕಾದ ಒಂದು ವಿಷಯ

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಒಂದು ಹೋಟೆಲಿನಲ್ಲಿ ನಾನು ಇಂಥದ್ದೇ ಜಗಳಕ್ಕೆ ನುಗ್ಗಿದ್ದೆ. ಸಾಂಬಾರು ತರಲು ತಡವಾಯಿತು ಎಂದು ಇಬ್ಬರು ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದರು. ನಾನು ಎದ್ದು ಜೋರು ಮಾಡಿದೆ. ಅವರೂ ಜೋರು ಮಾಡಿದರು. ಕೊನೆಗೆ ಬಿಲ್ ಕೊಡದೆ ಎದ್ದು ಹೋದರು. ನಾನು ಗಲ್ಲಾಕ್ಕೆ ಹೋಗಿ ನೋಡಿದರೆ, ಅವರ ಬಿಲ್ಲನ್ನು ಆ ಹುಡುಗನ ಲೆಕ್ಕಕ್ಕೆ ಬರೆಯುತ್ತಿದ್ದರು. ಬೈಸಿಕೊಂಡದ್ದೂ ಅವನೇ, ದುಡ್ಡು ಕಳೆದುಕೊಳ್ಳುವವನೂ ಅವನೇ. ಅವನ ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು. ಸಾಂಬಾರು ತಾಗಿ ತಾಗಿ ಅದು ಹಳದಿಯಾಗಿತ್ತು. ಅದೇ ಕೈಯಲ್ಲಿ ಅವನು ನನ್ನ ಟೇಬಲಿನ ಲೋಟ ಎತ್ತಿಕೊಂಡು ಹೋದ. ಆ ಬಿಲ್ ನಾನೇ ಕೊಟ್ಟೆ. ಆದರೆ ನನ್ನ ಜೋರಿನಿಂದ ಅವನಿಗೆ ಆದ ಉಪಕಾರ ಏನೂ ಇರಲಿಲ್ಲ.

ಅವತ್ತಿನಿಂದ ನಾನು ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಬೈಸಿಕೊಳ್ಳುತ್ತಿರುವವರಿಗೆ ಇದರಿಂದ ಒಳ್ಳೆಯದಾಗುತ್ತದಾ? ಅಷ್ಟೇ. ಬೈಯುವವರಿಗೆ ಬುದ್ಧಿ ಬರುತ್ತದಾ, ನನಗೆ ಸಮಾಧಾನ ಆಗುತ್ತದಾ ಎಂಬುದು ಆಮೇಲಿನ ಮಾತು. ನೀವು ಅರ್ಧ ಗಂಟೆ ಕೂತು ಎದ್ದು ಹೋಗುತ್ತೀರಿ. ಅವರು ರಾತ್ರಿ ಬಾಗಿಲು ಹಾಕುವವರೆಗೆ ಅಲ್ಲೇ ಇರಬೇಕು. ಕೆಳಗಿನ ಪ್ರತಿ ಹಂತವನ್ನೂ ಈ ಲೆಕ್ಕದಿಂದಲೇ ಬರೆದಿದ್ದೇನೆ.

ಏನೇನು ಬೇಕು

ದೊಡ್ಡ ತಯಾರಿ ಏನಿಲ್ಲ. ಕಿಸೆಯಲ್ಲಿ ಒಂದೆರಡು ಹತ್ತರ, ಇಪ್ಪತ್ತರ ನೋಟು. ಫೋನಿನಲ್ಲಿ ಚಾರ್ಜು. ಮೆಲ್ಲಗೆ ಮಾತಾಡುವ ತಾಳ್ಮೆ. ಇದರ ಜೊತೆ ಹೋಟೆಲಿನ ಒಳಗೆ ಕೆಲಸ ಹೇಗೆ ನಡೆಯುತ್ತದೆ ಎಂಬ ಸ್ವಲ್ಪ ತಿಳಿವಳಿಕೆ. ಈ ಕೊನೆಯದೇ ಮುಖ್ಯ. ಯಾಕೆಂದರೆ ಅರ್ಧ ಜಗಳ ಶುರುವಾಗುವುದೇ ಅದು ಗೊತ್ತಿಲ್ಲದೆ.

ಸಪ್ಲೈಯರ್ ಅಂದರೆ ಆರ್ಡರ್ ತೆಗೆದುಕೊಂಡು ತಿಂಡಿ ತಂದುಕೊಡುವವರು. ಕ್ಲೀನರ್ ಅಂದರೆ ಎಂಜಲು ತಟ್ಟೆ ಎತ್ತಿ ಟೇಬಲ್ ಒರೆಸುವವರು. ದೋಸೆ ಯಾಕೆ ಬಂದಿಲ್ಲ ಎಂದು ಕ್ಲೀನರ್ ಹತ್ತಿರ ಕೂಗಾಡಿದರೆ ಆ ಹುಡುಗನಿಗೆ ಉತ್ತರವೇ ಗೊತ್ತಿರುವುದಿಲ್ಲ. ಒಳಗೆ ದೋಸೆ ಕಾವಲಿ ಹತ್ತಿರ ನಿಂತವರು ಬೇರೆ, ಚಹಾ ಕಾಫಿ ಮಾಡುವವರು ಬೇರೆ. ಗಲ್ಲಾದಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಮೇಜಿನಲ್ಲಿ, ಧಣಿಯೋ ಮ್ಯಾನೇಜರೋ ಇರುತ್ತಾರೆ. ದೊಡ್ಡ ರೆಸ್ಟೋರೆಂಟ್ ಆದರೆ ಕ್ಯಾಪ್ಟನ್ ಎಂದು ಇನ್ನೊಬ್ಬರಿರುತ್ತಾರೆ, ಸಪ್ಲೈಯರ್‌ಗಳ ಮೇಲ್ವಿಚಾರಣೆ ಅವರದು.

ಇನ್ನೊಂದು ವಿಷಯ ಕೂತವರ ಕಣ್ಣಿಗೆ ಬೀಳುವುದಿಲ್ಲ. ಈಗ ಸ್ವಿಗ್ಗಿ, ಝೊಮ್ಯಾಟೊ ಆರ್ಡರ್, ಪಾರ್ಸೆಲ್, ಒಳಗೆ ಕೂತವರ ದೋಸೆ ಎಲ್ಲವೂ ಹೆಚ್ಚಿನ ಕಡೆ ಒಂದೇ ಕಾವಲಿಯ ಮೇಲೆ. ನಿಮ್ಮ ಕಣ್ಣಿಗೆ ಕಾಣುವುದು ಹತ್ತು ಟೇಬಲ್. ಕಾವಲಿಯ ಮುಂದೆ ಇರುವುದು ಅದರ ಎರಡು ಪಟ್ಟು ಆರ್ಡರ್. ದೋಸೆ ತಡವಾದರೆ ಅದು ಸಪ್ಲೈಯರ್ ಕೈಯಲ್ಲಿ ಇರುವ ವಿಷಯವೇ ಅಲ್ಲ. ಆದರೆ ಮುಖ ಕಾಣುವುದು ಅವರದ್ದು ಮಾತ್ರ, ಹಾಗಾಗಿ ಬೈಗುಳವೂ ಅವರಿಗೇ.

ಕೆಲಸದ ಹೊತ್ತಿನ ವಿಷಯವೂ ತಿಳಿದಿರಲಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಟೆಲುಗಳಿಗೂ ಸೇರಿದ್ದು. ಅದರಲ್ಲಿ ಬರೆದಿರುವುದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ. ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ. ಆದರೆ ಬೆಳಗ್ಗೆ ಆರಕ್ಕೆ ಬನ್ಸ್ ತಂದುಕೊಟ್ಟ ಹುಡುಗನೇ ರಾತ್ರಿ ಒಂಬತ್ತಕ್ಕೂ ಟೇಬಲ್ ನೋಡುತ್ತಿರುವುದನ್ನು ನೀವೂ ಕಂಡಿರುತ್ತೀರಿ. ಉಡುಪಿ ಮಠದ ಪರ್ಯಾಯ ಉತ್ಸವದ ಹೊತ್ತಿನಲ್ಲಿ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ, ಮಂಗಳೂರು ದಸರಾಕ್ಕೆ ಕೇಳುವುದೇ ಬೇಡ.

ಇಷ್ಟು ಗೊತ್ತಿದ್ದರೆ ಸಾಕು. ಇನ್ನು ಹಂತಗಳು.

1. ಅರ್ಧ ನಿಮಿಷ ಸುಮ್ನೆ ನೋಡಿ

ತಕ್ಷಣ ಏಳಬೇಡಿ. ನಡೆಯುತ್ತಿರುವುದು ದೂರೋ, ಅವಮಾನವೋ, ಹೊಡೆದಾಟವೋ ಎಂದು ಮೊದಲು ಗೊತ್ತಾಗಬೇಕು.

ಚಟ್ನಿ ಹಳಸಿದೆ, ಊಟದಲ್ಲಿ ಕೂದಲು ಸಿಕ್ಕಿತು, ಬಿಲ್ ತಪ್ಪಾಗಿದೆ ಎಂದರೆ ಅದು ದೂರು. ದನಿ ಸ್ವಲ್ಪ ಏರಿದ್ದರೂ ಅವರಿಗೆ ಕೇಳುವ ಹಕ್ಕುಂಟು. ಇಲ್ಲಿ ನೀವು ಮೂಗು ತೂರಿಸಬೇಕಾಗಿಲ್ಲ.

ಏಕವಚನದಲ್ಲಿ ಕರೆಯುವುದು, ಚಿಟಿಕೆ ಹೊಡೆಯುವುದು, ಅಪ್ಪ ಅಮ್ಮನನ್ನು ಎಳೆದು ಬೈಯುವುದು, ಊರು, ಜಾತಿ, ಭಾಷೆ ಹಿಡಿದು ಹೀಯಾಳಿಸುವುದು, ನೆಲದ ಮೇಲೆ ಬೇಕೆಂದೇ ಚೆಲ್ಲಿ ಒರೆಸು ಎನ್ನುವುದು. ಇದು ಅವಮಾನ. ಎರಡರಿಂದ ನಾಲ್ಕರವರೆಗಿನ ಹಂತ ಇದಕ್ಕೆ.

ಕಾಲರ್ ಹಿಡಿಯುವುದು, ತಳ್ಳುವುದು, ಲೋಟ ಎಸೆಯುವುದು, ಹೆಣ್ಣುಮಗಳಾದರೆ ಕೈ ಹಿಡಿಯುವುದು, ಕೊಳಕು ಮಾತು. ಇದಕ್ಕೆ ನೇರ ಐದನೆಯ ಹಂತಕ್ಕೆ ಹೋಗಿ.

ಇಲ್ಲಿ ಜನ ಎಡವುವುದು ಎಲ್ಲಿ ಅಂದರೆ, ಎಲ್ಲರೂ ನೋಡುತ್ತಿದ್ದಾರಲ್ಲ, ಯಾರಾದರೂ ಏಳುತ್ತಾರೆ ಎಂದು ಕಾಯುವುದರಲ್ಲಿ. ಇದು ನಿಮ್ಮೊಬ್ಬರ ದೌರ್ಬಲ್ಯ ಅಲ್ಲ. 1968ರಲ್ಲಿ ಅಮೆರಿಕದ ಲಟಾನೆ ಮತ್ತು ಡಾರ್ಲಿ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೋಣೆಯೊಳಗೆ ಹೊಗೆ ಬಿಟ್ಟು ನೋಡಿದರು. ಒಬ್ಬರೇ ಇದ್ದಾಗ 100ಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಏನೂ ಆಗದವರ ಹಾಗೆ ಕೂತಿದ್ದಾಗ ತಿಳಿಸಿದವರು 100ಕ್ಕೆ 10 ಮಾತ್ರ. ಅಂದರೆ ತುಂಬಿದ ಹೋಟೆಲಿನಲ್ಲಿ ಎಲ್ಲರೂ ಸುಮ್ಮನಿರುವುದು ಎಲ್ಲರಿಗೂ ಅದು ಸರಿ ಅನಿಸಿದ್ದರಿಂದ ಅಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಸುಮ್ಮನಿದ್ದಾರೆ. ನೀವೊಬ್ಬರು ಅಲುಗಾಡಿದರೆ ಪಕ್ಕದವರೂ ತಲೆ ಎತ್ತುತ್ತಾರೆ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

2. ಆ ಹುಡುಗನನ್ನು ಅಲ್ಲಿಂದ ಬಿಡಿಸಿ

ಎಲ್ಲಕ್ಕಿಂತ ಸುಲಭದ ಉಪಾಯ ಇದೇ, ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದೂ ಇದೇ. ಬೈಯುವವರ ಕಡೆ ನೋಡಲೇಬೇಡಿ. ಸಪ್ಲೈಯರ್ ಕಡೆ ನೋಡಿ ಕರೆಯಿರಿ.

"ಅಣ್ಣಾ, ಇಲ್ಲಿ ಒಂದು ಲೋಟ ನೀರು ಸಿಗಬಹುದಾ?"

"ತಮ್ಮಾ, ನಮ್ಮ ಬಿಲ್ ಎಷ್ಟಾಯಿತು?"

"ಅಕ್ಕಾ, ಒಂದು ನಿಮಿಷ ಇಲ್ಲಿ ಬನ್ನಿ."

ಇಷ್ಟೇ. ಒಬ್ಬರ ಎದುರು ತಲೆ ತಗ್ಗಿಸಿ ನಿಂತವರಿಗೆ ಅಲ್ಲಿಂದ ಹೊರಡಲು ಒಂದು ನೆಪ ಬೇಕಿರುತ್ತದೆ. ಹಾಗೇ ತಿರುಗಿ ಹೋದರೆ "ನಾನು ಮಾತಾಡುವಾಗ ಎಲ್ಲಿಗೆ ಹೋಗುತ್ತೀ" ಎಂದು ಇನ್ನೂ ರೇಗುತ್ತಾರೆ. ಇನ್ನೊಬ್ಬ ಗಿರಾಕಿ ಕರೆದರೆ ಹೋಗಲೇಬೇಕಲ್ಲ. ಆ ನೆಪ ನೀವು ಕೊಡುತ್ತಿದ್ದೀರಿ.

ಹತ್ತಿರ ಬಂದಾಗ ಮೆಲ್ಲಗೆ ಹೇಳಿ: "ನೀರು ಆಮೇಲೆ ಸಾಕು, ಅರ್ಜೆಂಟ್ ಇಲ್ಲ. ನೀವು ಸ್ವಲ್ಪ ಒಳಗೆ ಹೋಗಿ ಬನ್ನಿ." ಮಾತು ಅರ್ಥ ಆಗದಿದ್ದರೂ ನಿಮ್ಮ ಮುಖ ಅರ್ಥ ಆಗುತ್ತದೆ. ಈಗ ನಮ್ಮ ಹೋಟೆಲುಗಳಲ್ಲಿ ಉತ್ತರ ಕರ್ನಾಟಕದವರು, ಅಸ್ಸಾಮಿನವರು, ಬಂಗಾಳ ಒಡಿಶಾದವರು, ನೇಪಾಳದವರು ತುಂಬಾ ಮಂದಿ. ಕನ್ನಡ, ತುಳು ಕಲಿಯುತ್ತಾ ಇರುತ್ತಾರೆ. ಆರ್ಡರ್ ತಪ್ಪುವುದು ಹೆಚ್ಚಾಗಿ ಭಾಷೆಯಿಂದ. "ಕಡುಬು" ಎಂದದ್ದು ಅವರಿಗೆ ಕೇಳಿಸಿರುವುದು ಇನ್ನೇನೋ.

ಇದನ್ನು ಹೇಳುವಾಗ ನನಗೆ ನಮ್ಮದೇ ಮನೆಗಳ ನೆನಪಾಗುತ್ತದೆ. ಈ ಎರಡು ಜಿಲ್ಲೆಗಳಿಂದ ಎಷ್ಟು ಹುಡುಗರು ಮುಂಬೈಗೆ ಹೋಗಲಿಲ್ಲ! ಚಡ್ಡಿ ಹಾಕುವ ವಯಸ್ಸಿನಲ್ಲಿ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರು. ಅವರಿಗೂ ಆಗ ಮರಾಠಿ, ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಮಾವನೋ ಅಜ್ಜನೋ ಇದ್ದೇ ಇರುತ್ತಾರೆ. ಅವರಿಗೆ ಅಲ್ಲಿ ಯಾರಾದರೂ ಹೀಗೆ ಕರೆದು ಒಂದು ನೆಪ ಕೊಟ್ಟಿದ್ದರೆ ಎಷ್ಟು ಹಗುರ ಆಗುತ್ತಿತ್ತು!

ಈ ಹಂತದಲ್ಲಿ ಎರಡು ಎಚ್ಚರ. ಒಂದು, ಸಹಾಯ ಮಾಡುತ್ತೇನೆ ಎಂದು ಹೊಸ ಆರ್ಡರ್ ಹೇರಬೇಡಿ. "ನಾಲ್ಕು ಮಸಾಲೆ ದೋಸೆ ತನ್ನಿ" ಎಂದರೆ ಹೊರೆ ಇನ್ನೂ ಜಾಸ್ತಿ. ಎರಡು, ಅವರ ಕೈಯಲ್ಲಿ ಬಿಸಿ ಸಾಂಬಾರೋ ಕಾಫಿಯೋ ಇದ್ದರೆ ಆಗ ಕರೆಯಬೇಡಿ, ತೋಳು ಮುಟ್ಟಬೇಡಿ. ತಟ್ಟನೆ ತಿರುಗಿದರೆ ಮೈಮೇಲೆ ಚೆಲ್ಲುತ್ತದೆ. ಹಾಗೇನಾದರೂ ಚೆಲ್ಲಿದರೆ ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಸಿ. ಐಸ್, ಟೂತ್‌ಪೇಸ್ಟ್, ಹಿಟ್ಟು ಏನೂ ಹಚ್ಚುವುದು ಬೇಡ.

3. ಗಲ್ಲಾದಲ್ಲಿ ಇರುವವರಿಗೆ ತಿಳಿಸಿ

ಜಗಳ ನಿಲ್ಲಿಸುವ ಅಧಿಕಾರ ಇರುವುದು ಅವರಿಗೆ. ಅವರು ಬಂದರೆ ಗಿರಾಕಿಯೂ ದನಿ ಇಳಿಸುತ್ತಾರೆ. ಆದರೆ ಏನು ಹೇಳುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. "ಅಲ್ಲಿ ಗಲಾಟೆ ಆಗುತ್ತಿದೆ ನೋಡಿ" ಎಂದು ಬಿಟ್ಟರೆ ಧಣಿ ಬಂದು ಮೊದಲು ಬೈಯುವುದು ಹುಡುಗನಿಗೇ. ಗಿರಾಕಿಯ ಎದುರು ತನ್ನ ಕೆಲಸದವನಿಗೆ ಬೈದರೆ ಮಾತು ಮುಗಿಯುತ್ತದೆ ಎಂಬ ಅಭ್ಯಾಸ ತುಂಬಾ ಕಡೆ ಉಂಟು.

ಹಾಗಾಗಿ ಹೀಗೆ ಹೇಳಿ: "ನಾನು ಪಕ್ಕದ ಟೇಬಲಿನಲ್ಲಿ ಕೂತು ಎಲ್ಲ ನೋಡಿದ್ದೇನೆ. ಹುಡುಗನ ತಪ್ಪಿಲ್ಲ. ಅವನು ಎರಡು ಸಲ ಹೇಳಿದ, ಮಸಾಲೆ ದೋಸೆ ಹದಿನೈದು ನಿಮಿಷ ಆಗುತ್ತದೆ ಎಂದು. ನೀವು ಒಮ್ಮೆ ಬಂದು ಅವರ ಹತ್ತಿರ ಮಾತಾಡಿ. ಅವನನ್ನು ಸ್ವಲ್ಪ ಬೇರೆ ಟೇಬಲಿಗೆ ಕಳಿಸಿ."

ಇದರಲ್ಲಿ ಮೂರು ವಿಷಯ ಬಂದವು. ನೀವು ಕಣ್ಣಾರೆ ನೋಡಿದವರು, ಹುಡುಗನ ತಪ್ಪಿಲ್ಲ, ಧಣಿ ಈಗ ಏನು ಮಾಡಬೇಕು. ಮೂರನೆಯದನ್ನು ಬಿಡಬೇಡಿ. ಬರೀ ದೂರು ಹೇಳಿದರೆ ಅವರು ತಲೆ ಆಡಿಸಿ ಮುಂದಿನ ಬಿಲ್ಲಿಗೆ ಚಿಲ್ಲರೆ ಎಣಿಸುತ್ತಾರೆ.

ಬೈಯುವವರು ಬಿಲ್ ಕೊಡದೆ ಹೋದರೆ ಅಥವಾ ಲೋಟ ಒಡೆದರೆ ಇನ್ನೂ ಒಂದು ಮಾತು ಸೇರಿಸಿ: "ಇದನ್ನು ಹುಡುಗನ ಸಂಬಳದಲ್ಲಿ ಹಿಡಿಯಬೇಡಿ ಮಾರಾಯ್ರೆ, ನಾವೆಲ್ಲ ನೋಡಿದ್ದೇವೆ." ಹೆಚ್ಚಿನ ಧಣಿಗಳು ನಾಲ್ಕು ಜನರ ಮುಂದೆ ಇದಕ್ಕೆ ಇಲ್ಲ ಎನ್ನುವುದಿಲ್ಲ. ಅವರಲ್ಲೂ ಎಷ್ಟೋ ಮಂದಿ ಕ್ಲೀನರ್ ಆಗಿ ಶುರು ಮಾಡಿ ಮೇಲೆ ಬಂದವರು.

4. ನೇರ ಮಾತಾಡಲೇಬೇಕಾದರೆ

ಮೊದಲಿನ ಎರಡು ಉಪಾಯ ನಡೆಯದಿದ್ದರೆ ಮಾತ್ರ ಇದು. ಬೈಯುವವರು ಕುಡಿದಿದ್ದರೆ, ಐದಾರು ಮಂದಿಯ ಗುಂಪಾದರೆ, ನೀವು ಮಗು ಜೊತೆ ಒಬ್ಬರೇ ಇದ್ದರೆ ಇದನ್ನು ಬಿಟ್ಟುಬಿಡಿ. ಮೂರನೆಯ ಹಂತವೇ ಸಾಕು.

ಹೋಗಿ ಎದುರು ನಿಲ್ಲಬೇಡಿ, ಬದಿಯಲ್ಲಿ ನಿಲ್ಲಿ. ಸಾಧ್ಯ ಆದರೆ ಪಕ್ಕದ ಕುರ್ಚಿಯಲ್ಲಿ ಕೂತುಕೊಳ್ಳಿ. ನಿಂತವರ ಹತ್ತಿರ ಜಗಳ ಆಡುವಷ್ಟು ಸುಲಭವಾಗಿ ಕೂತವರ ಹತ್ತಿರ ಆಡಲಿಕ್ಕೆ ಆಗುವುದಿಲ್ಲ. ಅವರು ತುಳುವಿನಲ್ಲಿ ಬೈಯುತ್ತಿದ್ದರೆ, ನಿಮಗೆ ತುಳು ಬಂದರೆ, ತುಳುವಿನಲ್ಲೇ "ಪೋವಡ್ ಬುಡ್ಲೆ ಅಣ್ಣ" ಎನ್ನಿ. ಹೋಗಲಿ ಬಿಡಿ ಅಂತ ಅರ್ಥ. ಕನ್ನಡವೋ ಕೊಂಕಣಿಯೋ ಬ್ಯಾರಿಯೋ ಆದರೆ ಅದರಲ್ಲೇ. ಅವರ ಮನೆಮಾತಿನಲ್ಲಿ ಹೇಳಿದರೆ ಊರಿನವರೇ ಒಬ್ಬರು ಹೇಳಿದ ಹಾಗಾಗುತ್ತದೆ, ಸಿಟ್ಟು ಒಂದು ಮೆಟ್ಟಿಲು ಇಳಿಯುತ್ತದೆ.

ನಾನು ಸಾಮಾನ್ಯವಾಗಿ ಹೇಳುವ ಮಾತು ಇದು: "ಸರ್, ತಡ ಆದದ್ದು ಹೌದು, ನಮ್ಮದೂ ಬಂದಿಲ್ಲ. ಇವತ್ತು ರಶ್ ಉಂಟು. ಈ ಹುಡುಗ ಒಬ್ಬನೇ ಓಡಾಡುತ್ತಿದ್ದಾನೆ. ಗಲ್ಲಾದವರಿಗೆ ಹೇಳುವ, ಬನ್ನಿ." ಇದರಲ್ಲಿ ಅವರ ದೂರನ್ನು ಒಪ್ಪಿಕೊಂಡ ಹಾಗಾಯಿತು, ದಾರಿಯೂ ತೋರಿಸಿದ ಹಾಗಾಯಿತು.

ಹೇಳಬಾರದ ಮಾತುಗಳು: "ನಿಮಗೆ ಮರ್ಯಾದೆ ಉಂಟಾ?" "ನೀವು ಯಾವ ಊರಿನವರು?" "ದುಡ್ಡಿದ್ದರೆ ದೊಡ್ಡವರಾ?" ಮನಸ್ಸಿನಲ್ಲಿ ಬರುತ್ತದೆ, ಬಾಯಿಗೆ ಬರಬಾರದು. ಇನ್ನೂ ಮುಖ್ಯ, ಜಗಳಕ್ಕೆ ಜಾತಿ, ಧರ್ಮ, ಭಾಷೆಯ ಬಣ್ಣ ಬರುವ ಒಂದೇ ಒಂದು ಶಬ್ದ ನಿಮ್ಮ ಕಡೆಯಿಂದ ಬೇಡ. ಬೇರೆ ಯಾರಾದರೂ ಆ ಕಡೆ ಎಳೆದರೆ "ಇದು ದೋಸೆ ತಡ ಆದ ವಿಷಯ ಅಷ್ಟೇ" ಎಂದು ಅಲ್ಲೇ ಕಟ್ ಮಾಡಿ. ನಮ್ಮ ಊರಿನಲ್ಲಿ ಸಣ್ಣ ಕಿಡಿ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಬಿಲ್ಲಿನ ಮೇಲಿನ ಜಗಳವಾದರೆ ನಿಮ್ಮ ಹತ್ತಿರ ಉತ್ತರವೇ ಇರುತ್ತದೆ. ಹೆಚ್ಚಿನ ಹೋಟೆಲುಗಳ ಬಿಲ್ಲಿನಲ್ಲಿ 5% ಜಿಎಸ್‌ಟಿ ಇರುತ್ತದೆ, ಅದು ಸರ್ಕಾರಕ್ಕೆ ಹೋಗುವ ತೆರಿಗೆ, ಸಪ್ಲೈಯರ್ ಹಾಕಿದ್ದಲ್ಲ. ಸರ್ವಿಸ್ ಚಾರ್ಜ್ ಬೇರೆ. ಅದು ಹೋಟೆಲಿನವರು ಸೇವೆಗೆಂದು ಸೇರಿಸುವ ಹಣ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡ ಎಂದರೆ ಗಲ್ಲಾದಲ್ಲಿ ತೆಗೆಸಬಹುದು, ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ತಿಂಡಿ ಹಾಳಾಗಿದೆ ಎಂಬ ದೂರಾದರೆ ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ. ಅದು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಸಂಖ್ಯೆ. ದೂರು ಕೊಡುವಾಗ ಅದನ್ನು ಬರೆದುಕೊಡಬಹುದು. ಸಿಟ್ಟಾದವರಿಗೆ ಇದನ್ನು ತಿಳಿಸಿದರೆ ಸಿಟ್ಟು ಹೋಗಬೇಕಾದ ಕಡೆ ಹೋಗುತ್ತದೆ.

5. ಕೈ ಮಾಡಿದರೆ

ಇಲ್ಲಿ ಉಪಾಯ ಏನೂ ಇಲ್ಲ. 112ಕ್ಕೆ ಫೋನ್ ಮಾಡಿ. ಹೋಟೆಲಿನ ಹೆಸರು, ಹತ್ತಿರದ ಗುರುತು, ಏನಾಗುತ್ತಿದೆ ಎಂಬುದನ್ನು ಹೇಳಿ. ನಡುವೆ ನುಗ್ಗಿ ಹಿಡಿಯುವುದು ಒಬ್ಬರಿಂದ ಆಗುವ ಕೆಲಸ ಅಲ್ಲ. ಪಕ್ಕದ ಟೇಬಲಿನವರನ್ನು ಒಬ್ಬೊಬ್ಬರನ್ನೇ ಗುರುತಿಸಿ ಕರೆಯಿರಿ: "ನೀಲಿ ಶರಟಿನವರೇ, ಸ್ವಲ್ಪ ಬನ್ನಿ." "ಯಾರಾದರೂ ಬನ್ನಿ" ಎಂದರೆ ಯಾರೂ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದೂ ಕೇಳುತ್ತೀರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಸೆಕ್ಷನ್ ಪ್ರಕಾರ ಬೇಕೆಂದೇ ಹೊಡೆದು ನೋವು ಮಾಡುವುದು ಅಪರಾಧ. ಶಾಂತಿ ಕೆಡಲಿ ಎಂದು ಬೇಕೆಂದೇ ಅವಮಾನಿಸುವುದು 352, ಬೆದರಿಕೆ ಹಾಕುವುದು 351. ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತು, ಸನ್ನೆ 79, ಆ ಉದ್ದೇಶದಿಂದ ಮೈಮೇಲೆ ಕೈ ಹಾಕುವುದು 74. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ.

ಸಾಕ್ಷಿ ಹೇಳಿದರೆ ಸ್ಟೇಷನ್ನಿಗೆ ಅಲೆಯಬೇಕಲ್ಲ ಎಂದು ಹೆದರುವವರು ಜಾಸ್ತಿ. ಹೆಂಗಸರು, 60 ದಾಟಿದವರು, 15ರ ಒಳಗಿನ ಹುಡುಗರು, ಕಾಯಿಲೆಯವರು ಮನೆಯಲ್ಲೇ ಹೇಳಿಕೆ ಕೊಡಬಹುದು. ಸ್ಟೇಷನ್ನಿಗೆ ಬರಲೇಬೇಕು ಎಂದು ಅವರನ್ನು ಒತ್ತಾಯಿಸುವ ಹಾಗಿಲ್ಲ. ಉಳಿದವರೂ ಹೆಸರು, ಫೋನ್ ನಂಬರ್ ಬರೆದು ಆ ಕೆಲಸದವರ ಕೈಗೋ ಧಣಿಯ ಕೈಗೋ ಕೊಟ್ಟು ಹೋಗಿ. ದೂರು ಕೊಡಬೇಕಾ ಬೇಡವಾ ಎಂಬುದು ಪೆಟ್ಟು ತಿಂದವರಿಗೆ ಬಿಟ್ಟದ್ದು. ಊರು ಬಿಟ್ಟು ಬಂದ ಹುಡುಗನಿಗೆ ಸ್ಟೇಷನ್ ಅಂದರೆ ನೂರು ಭಯ. ನೀವು ಒತ್ತಾಯ ಮಾಡಬೇಡಿ. "ಕೊಡುವುದಾದರೆ ನಾನು ಜೊತೆಗೆ ಬರುತ್ತೇನೆ" ಎಂದು ಹೇಳಿ ನಿಲ್ಲಿಸಿ.

ಬೈಸಿಕೊಳ್ಳುತ್ತಿರುವುದು ಸಣ್ಣ ಮಗುವಾದರೆ ವಿಷಯವೇ ಬೇರೆ. 14 ವರ್ಷದೊಳಗಿನವರನ್ನು ಹೋಟೆಲಿನ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. 1098 ಮಕ್ಕಳ ಸಹಾಯವಾಣಿ. ಹೊರಗೆ ಬಂದು ಫೋನ್ ಮಾಡಿ.

6. ವಿಡಿಯೊ ಮಾಡುವ ಮುಂಚೆ

ಮೊದಲು ಕೈ ಹೋಗುವುದು ಫೋನಿಗೆ, ಅದು ಸಹಜ. ಹೊಡೆದಾಟವಾದರೆ ವಿಡಿಯೊ ಸಾಕ್ಷಿಯಾಗುತ್ತದೆ, ಮಾಡಿ. ಆದರೆ ಬೇರೆ ಯಾರೋ ಆಗಲೇ ಮಾಡುತ್ತಿದ್ದರೆ ನೀವು ಫೋನ್ ಇಳಿಸಿ ಮೇಲಿನ ಹಂತಗಳಿಗೆ ಹೋಗಿ. ಹತ್ತು ಮಂದಿ ವಿಡಿಯೊ ಮಾಡಿ ಒಬ್ಬರೂ ಏಳದಿದ್ದರೆ ಆ ಹುಡುಗನಿಗೆ ಅದು ಇನ್ನೊಂದು ಅವಮಾನ.

ಮಾಡಿದ್ದನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಬೈದವರ ಮುಖಕ್ಕಿಂತ ಬೈಸಿಕೊಂಡವರ ಮುಖ ಜಾಸ್ತಿ ಓಡಾಡುತ್ತದೆ. ಅಳುತ್ತಾ ನಿಂತ ತನ್ನ ವಿಡಿಯೊವನ್ನು ಊರಿನಲ್ಲಿ ಅಮ್ಮ ನೋಡುವುದು ಯಾರಿಗೆ ಬೇಕು? ಆ ಹುಡುಗನನ್ನೇ ಕೇಳಿ, ಬೇಕೆಂದರೆ ಅವನ ನಂಬರಿಗೆ ಕಳಿಸಿ. ಬೇಡ ಎಂದರೆ ಅಳಿಸಿ. ಪೊಲೀಸರು ಬಂದಿದ್ದರೆ ಅವರಿಗೆ ಕೊಡುವವರೆಗೆ ಇಟ್ಟುಕೊಳ್ಳಿ.

7. ಗಲಾಟೆ ಮುಗಿದ ಮೇಲೆ

ಎಲ್ಲರೂ ಇಲ್ಲಿಗೆ ಬಿಟ್ಟುಬಿಡುತ್ತಾರೆ. ಆದರೆ ಬೈಸಿಕೊಂಡವರಿಗೆ ಕಷ್ಟ ಶುರುವಾಗುವುದೇ ಈಗ. ಕೈ ನಡುಗುತ್ತಿರುತ್ತದೆ, ಮುಂದಿನ ಟೇಬಲಿಗೆ ನಗುಮುಖ ತೋರಿಸಬೇಕು.

ಹತ್ತಿರ ಬಂದಾಗ ಒಂದು ಮಾತು ಸಾಕು: "ನಿಮ್ಮದೇನೂ ತಪ್ಪಿಲ್ಲ. ನಾನು ನೋಡಿದೆ." ಉದ್ದ ಸಮಾಧಾನ ಬೇಡ, ಅವರಿಗೆ ಹೊತ್ತಿಲ್ಲ. ನಾಲ್ಕು ಜನರ ಎದುರು "ಪಾಪ" ಎನ್ನಬೇಡಿ. ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಮಾತಾಡಿ. ನಿಮ್ಮ ತಟ್ಟೆ ಲೋಟವನ್ನು ಒಂದರ ಮೇಲೊಂದು ಇಟ್ಟು ಅಂಚಿಗೆ ಸರಿಸಿ. ಎತ್ತುವವರಿಗೆ ಒಂದು ಸುತ್ತು ಕಡಿಮೆಯಾಗುತ್ತದೆ.

ಟಿಪ್ಸ್ ಕೊಡುವುದಾದರೆ ನೋಟನ್ನು ಅವರ ಕೈಗೇ ಕೊಡಿ. ಗಲ್ಲಾದ ಕ್ಯೂಆರ್ ಕೋಡಿಗೆ ಬಿಲ್ ಜೊತೆ ಜಾಸ್ತಿ ಹಾಕಿದರೆ ಅದು ಧಣಿಯ ಖಾತೆಗೆ ಹೋಗುತ್ತದೆ. ಕೆಲವು ಕಡೆ ಟಿಪ್ಸ್ ಡಬ್ಬಿ ಇಟ್ಟು ರಾತ್ರಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಹಾಗಿದ್ದರೆ ಡಬ್ಬಿಗೇ ಹಾಕಿ. ಪಾತ್ರೆ ತೊಳೆಯುವವರಿಗೂ ಪಾಲು ಸಿಗುತ್ತದೆ.

ಹೋಗುವಾಗ ಗಲ್ಲಾದಲ್ಲಿ ಇನ್ನೊಮ್ಮೆ ಹೇಳಿ: "ಹುಡುಗ ಒಳ್ಳೆಯವನು, ಚೆನ್ನಾಗಿ ನೋಡಿಕೊಂಡ." ಗೂಗಲ್‌ನಲ್ಲಿ ರಿವ್ಯೂ ಬರೆಯುವುದಾದರೆ ಸೇವೆ ಚೆನ್ನಾಗಿತ್ತು ಎಂದು ಬರೆಯಿರಿ, ಗಲಾಟೆಯ ಕತೆ ಬೇಡ. ಹೋಟೆಲಿಗೆ ಕೆಟ್ಟ ಹೆಸರು ಬಂತು ಎಂದರೆ ಅದರ ಪೆಟ್ಟು ಮತ್ತೆ ಕೆಳಗಿನವರಿಗೇ. ಪಾರ್ಸೆಲ್ ಕೌಂಟರಿನಲ್ಲಿ ಕಾಯುವ ಡೆಲಿವರಿ ಹುಡುಗರಿಗೂ ಇದೆಲ್ಲ ಹಾಗೇ ಅನ್ವಯಿಸುತ್ತದೆ. ಅವರಿಗೆ ಎರಡೂ ಕಡೆ ಬೈಗುಳ, ಇಲ್ಲಿ ಹೋಟೆಲಿನವರದು, ಅಲ್ಲಿ ಮನೆಯವರದು.

8. ಬೈಯುತ್ತಿರುವವರು ನಿಮ್ಮದೇ ಟೇಬಲಿನವರಾದರೆ

ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಕಷ್ಟದ್ದು ಇದು. ಮಾವ, ಭಾವ, ದೊಡ್ಡಪ್ಪ, ಆಫೀಸಿನ ಬಾಸ್. ಮನೆಯಲ್ಲಿ ಒಳ್ಳೆಯವರೇ, ಹೋಟೆಲಿಗೆ ಬಂದ ಕೂಡಲೇ ದನಿ ಬದಲಾಗುತ್ತದೆ. ಎದುರು ಮಾತಾಡಿದರೆ ಮರ್ಯಾದೆ ತೆಗೆದ ಹಾಗೆ, ಸುಮ್ಮನಿದ್ದರೆ ನೀವೂ ಅದರಲ್ಲಿ ಪಾಲುದಾರರು.

ನಾಲ್ಕು ಜನರ ಎದುರು ತಿದ್ದಲು ಹೋಗಬೇಡಿ. ಅವರು ಇನ್ನೂ ಜೋರಾಗುತ್ತಾರೆ, ಅದನ್ನು ತಿನ್ನುವವರು ಆ ಹುಡುಗ. ಬದಲಿಗೆ ಮಾತನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. "ಮಾವ, ನಾನು ನೋಡಿಕೊಳ್ಳುತ್ತೇನೆ ಬಿಡಿ" ಎಂದು ಹೇಳಿ ಸಪ್ಲೈಯರ್ ಕಡೆ ತಿರುಗಿ. "ನೀವು ಹೋಗಿ ಅಣ್ಣ, ಆದಾಗ ತನ್ನಿ" ಎನ್ನಿ. ಅವರು ಏಕವಚನದಲ್ಲಿ ಕರೆದ ಹುಡುಗನನ್ನು ನೀವು ಎಲ್ಲರಿಗೂ ಕೇಳುವ ಹಾಗೆ ಬಹುವಚನದಲ್ಲಿ ಕರೆಯಿರಿ. ಟೇಬಲಿನಲ್ಲಿ ಮಕ್ಕಳಿದ್ದರೆ ಅವರು ಎರಡನ್ನೂ ಕೇಳಿಸಿಕೊಳ್ಳುತ್ತಾರೆ.

ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಆ ಹುಡುಗನ ಹತ್ತಿರ "ನಮ್ಮವರ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ" ಎಂದು ಹೇಳಿ ಬನ್ನಿ. ಇದು ಕಷ್ಟ, ನಾಚಿಕೆ ಆಗುತ್ತದೆ. ಆದರೂ ಹೇಳಿ.

ತಿದ್ದುವ ಮಾತು ಕಾರಿನಲ್ಲಿ, ಅಥವಾ ಮರುದಿನ, ಒಬ್ಬರೇ ಇದ್ದಾಗ. "ನಿನ್ನೆ ನೀವು ಬೈದದ್ದು ನನಗೆ ತುಂಬಾ ಬೇಜಾರಾಯಿತು ಮಾವ. ಆ ಹುಡುಗ ನಮ್ಮ ಪುಟ್ಟನಿಗಿಂತ ಎರಡು ವರ್ಷ ದೊಡ್ಡವನು ಇರಬಹುದು ಅಷ್ಟೇ." ಇಷ್ಟು ಹೇಳಿ ಸುಮ್ಮನಾಗಿ. ಅವರು ಸಮರ್ಥನೆ ಕೊಡುತ್ತಾರೆ. ವಾದಕ್ಕೆ ಹೋಗಬೇಡಿ, ಮಾತು ಒಳಗೆ ಹೋಗಿರುತ್ತದೆ.

ಬಾಸ್ ಆದರೆ ಹೀಗೆ ಮಾತಾಡಲಾಗದು. ಅಲ್ಲಿ ಮುಂಚಿತವಾಗಿಯೇ ವ್ಯವಸ್ಥೆ ಮಾಡಿಕೊಳ್ಳಿ, ಮಾವನ ವಿಷಯದಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಊಟದ ರಶ್ ಹೊತ್ತು ತಪ್ಪಿಸಿ, ಹನ್ನೆರಡಕ್ಕೆ ಮುಂಚೆ ಅಥವಾ ಎರಡೂವರೆ ಕಳೆದ ಮೇಲೆ ಹೋಗಿ. ಎಂಟು ಮಂದಿಗಿಂತ ಜಾಸ್ತಿ ಇದ್ದರೆ ಮೊದಲೇ ಫೋನ್ ಮಾಡಿ ಹೇಳಿ. ಎಲ್ಲರೂ ಬೇರೆ ಬೇರೆ ದೋಸೆ ಹೇಳುವ ಬದಲು ಎರಡೋ ಮೂರೋ ಬಗೆಗೆ ನಿಲ್ಲಿಸಿ, ಬೇಗ ಬರುತ್ತದೆ. ಸಪ್ಲೈಯರ್ ಬಂದು ನಿಲ್ಲುವ ಬದಿಯ ಕುರ್ಚಿಯಲ್ಲಿ ನೀವು ಕೂತುಕೊಳ್ಳಿ, ಬೈಯುವ ಅಭ್ಯಾಸದವರನ್ನು ಗೋಡೆಯ ಬದಿಗೆ ಕೂರಿಸಿ. ಆರ್ಡರ್ ನೀವೇ ಹೇಳಿ, ಬಿಲ್ ನೀವೇ ಕೇಳಿ.